ಕಡಲಿನ ಫೈಲು, ಮ್ಯಾನ್‌ಹೋಲಿನ ಫೈಲು



ಕಡಲ ನೀರು ಶುದ್ಧ ಮಾಡ್ತೀವಿ ಅಂತ ಸರ್ಕಾರ ಹೇಳ್ತಾ ಬಂದು ಐವತ್ತು ವರ್ಷ ಆಯ್ತು. ನಾನು ಗುಮಾಸ್ತ. ಭಾಷಣ ಬಿಟ್ಟು ಆದೇಶದಲ್ಲಿರೋ ಗಡುವು ನೋಡೋದು ನನ್ನ ಅಭ್ಯಾಸ.

1974ರ ಜಲ ಮಾಲಿನ್ಯ ಕಾಯ್ದೆಯಲ್ಲೇ ಸಮುದ್ರವೂ ಸೇರಿದೆ. ಆದರೆ ಎಷ್ಟು ದೂರದವರೆಗೆ ಅನ್ನೋದನ್ನ ರಾಜ್ಯ ಸರ್ಕಾರಕ್ಕೆ ಬಿಟ್ಟರು. 1981ರಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್ ತೆರವಾಗಿಡಿ ಅಂದರು. 1991ರ ಫೆಬ್ರವರಿ 19ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಸಂಸ್ಕರಿಸದ ಕೊಳಚೆಯನ್ನು ಕಡಲಿಗೆ ಬಿಡುವಂತಿಲ್ಲ, ಈಗಾಗಲೇ ಬಿಡುತ್ತಿದ್ದರೆ 3 ವರ್ಷದೊಳಗೆ ನಿಲ್ಲಿಸಬೇಕು. ಅಂದ್ರೆ 1994ಕ್ಕೆ ಮುಗೀಬೇಕಿತ್ತು. 2011ರಲ್ಲಿ ಮತ್ತೊಂದು ಅಧಿಸೂಚನೆ. ಅದೇ ಮಾತು, ಈ ಸಲ 2 ವರ್ಷದ ಗಡುವು. ಮೊದಲನೇದು ಪಾಲನೆ ಆಗಿದ್ರೆ ಎರಡನೇದು ಯಾಕೆ ಬೇಕಿತ್ತು? ಈ ನಡುವೆ ಮುಂಬೈನ ವರ್ಲಿ, ಬಾಂದ್ರಾಗಳಲ್ಲಿ 3 ಕಿ.ಮೀ.ಗೂ ಉದ್ದದ ಕೊಳವೆ ಹಾಕಿ, ಊರಿನ ಕೊಳಚೆಯನ್ನು ದಡದಿಂದ ದೂರಕ್ಕೆ ಒಯ್ದು ಬಿಟ್ಟರು.

ಈಗ ಇನ್ನೊಂದು ಫೈಲು ತೆಗೀರಿ. ಕಡಲಿಗೆ ಹೋಗೋ ಕೊಳವೆ ಶುರುವಾಗೋದು ನಮ್ಮ ಬೀದಿಯಲ್ಲಿ. ಅದು ಕಟ್ಟಿಕೊಂಡಾಗ ಇಳಿಯೋನು ಯಾರು? ಯಾವ ಜಾತಿಯವನು? ನಿಮಗೆ ಗೊತ್ತು.

ಮಲ ಹೊರುವ ಪದ್ಧತಿ ನಿಷೇಧಿಸಿದ ಕಾನೂನು 1993ರದ್ದು. ಅದು ಕಾಗದದಲ್ಲೇ ಉಳೀತು. ನಮ್ಮ ಕೋಲಾರದ ಕೆಜಿಎಫ್‌ನ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಕೇಸು ನಡೀತಿರುವಾಗಲೇ 2013ರ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರಂದು ಕೋರ್ಟ್, 1993ರಿಂದ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಿ ಅಂದಿತು. 2023ರ ಅಕ್ಟೋಬರ್‌ನಲ್ಲಿ ಅದನ್ನೇ 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತು ಅಂದ್ರೆ ಸಾವು ನಿಂತಿರಲಿಲ್ಲ ಅಂತಲೇ ಅರ್ಥ.

ಒಂದೇ ಕೊಳವೆ, ಎರಡು ಇಲಾಖೆ, ಎರಡು ಫೈಲು. ಕಡಲ ನೀರಲ್ಲಿ ಮೀನಿಗೆ ಆಮ್ಲಜನಕ ಸಾಕಾ ಅಂತ ಅಳೀತಾರೆ. ಅಳೀಲಿ, ಮೀನುಗಾರರ ಅನ್ನ ಅದು. ಆದರೆ ಮ್ಯಾನ್‌ಹೋಲಿಗೆ ಇಳಿದವನ ಉಸಿರಿಗೆ ಯಾವ ಅಳತೆ ಇದೆ?

ನಿಮ್ಮೂರಲ್ಲಿ ಒಳಚರಂಡಿ ಯೋಜನೆ ಅಂತ ಕೋಟಿಗಳ ಲೆಕ್ಕ ಬಂದಾಗ ಆರ್‌ಟಿಐ ಹಾಕಿ. ಯಂತ್ರ ಎಷ್ಟು? ಗುತ್ತಿಗೆ ಯಾರಿಗೆ? ಕೆಲಸಗಾರರು ಕಾಯಂ ಆಗಿದ್ದಾರಾ? ಉತ್ತರ ಬರದಿದ್ರೆ ಮೇಲ್ಮನವಿ ಹಾಕಿ. ಕಡಲು ಶುದ್ಧ ಆಗಲಿ, ಆದರೆ ಅದರ ಬೆಲೆ ನಮ್ಮ ಹುಡುಗರ ಜೀವ ಆಗಬಾರದು.

ಜೈ ಭೀಮ್.