ನಾಲ್ಕು ಬಣ್ಣದ ಗೋಡೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಇತಿಹಾಸವೆಂದರೆ ನಮಗೆ ನೆನಪಾಗುವುದು ಕಲ್ಲು: ಇಕ್ಕೇರಿಯ ದೇಗುಲ, ನಗರದ ಕೋಟೆ, ಕವಲೇದುರ್ಗ. ಬಣ್ಣ ಕಲ್ಲಿನಷ್ಟು ಬಾಳುವುದಿಲ್ಲ. ಗ್ರೀಕರ ಅಮೃತಶಿಲೆಯ ಪ್ರತಿಮೆಗಳಿಗೂ ಒಮ್ಮೆ ಬಣ್ಣವಿತ್ತು. ಅದು ಅಳಿದ ಮೇಲೆ ಬಿಳುಪೇ ಅವುಗಳ ಅಂದವೆಂದು ಲೋಕ ನಂಬಿತು.

ನಮ್ಮ ನೆರೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರಕ್ಕೆ ನಾಲ್ಕೇ ಬಣ್ಣ. ಗೋಡೆಗೆ ಬಳಿದ ಕೆಮ್ಮಣ್ಣು ಕೆಂಪು, ನೆನೆಸಿ ಅರೆದ ಅಕ್ಕಿ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿ ಕಪ್ಪು, ಗುರಿಗೆ ಬೀಜ ಹಳದಿ. ಕುಂಚ ಪುಂಡಿ ನಾರಿನದು. ಪೇಟೆಯಿಂದ ತರಬೇಕಾದದ್ದು ಒಂದೂ ಇಲ್ಲ! ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುತ್ತಾರೆ. ಮಾಸಿದರೆ ಮತ್ತೆ ಬರೆಯುತ್ತಾರೆ. ತಾಯಿಯ ಕೈ ನೋಡಿ ಮಗಳು ಕಲಿಯುತ್ತಾಳೆ.

1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದು ಹೈದರ್ ನಗರವೆಂದು ಹೆಸರಿಟ್ಟರು. ಹೊಸನಗರ ತಾಲ್ಲೂಕಿನ ನಗರ ಅದೇ. ಅವರ ಮಗ ಟಿಪ್ಪು ಸುಲ್ತಾನರು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ ಬಣ್ಣಬಣ್ಣವಾಗಿ ಮೂಡಿದೆ. ಆ ಬಣ್ಣವೂ ಅಳಿಯುತ್ತ ಬಂದಾಗ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಿಂದ ಮತ್ತೆ ಬರೆಸಲಾಯಿತು. ದೀವರ ಗೋಡೆಗೆ ಅಂಥ ಅಪ್ಪಣೆ ಬೇಕಾಗಲಿಲ್ಲ, ಮನೆಯ ಹೆಂಗಸರೇ ಸಾಕಾಗಿದ್ದರು.

ಈದ್‌ಗೆ ಮುಂಚೆ ನಮ್ಮ ಮಣ್ಣಿನ ಮನೆಗಳಿಗೂ ಕೆಮ್ಮಣ್ಣು, ಸುಣ್ಣ ಬಳಿಯುತ್ತಿದ್ದದ್ದು ಹಿರಿಯರಿಗೆ ನೆನಪಿದೆ. ಈಗ ಸಿಮೆಂಟ್ ಗೋಡೆ ಬಂದಿದೆ, ಚಿತ್ತಾರ ಕಾಗದಕ್ಕೂ ಬಟ್ಟೆಗೂ ಇಳಿದಿದೆ, ಹಲವೆಡೆ ಡಬ್ಬಿಯ ಬಣ್ಣದಲ್ಲಿ. ಅದರಿಂದ ನಾಲ್ಕು ಕಾಸು ಸಿಗುವುದಾದರೆ ತಪ್ಪೆನ್ನಲಾರೆವು. ಆದರೂ ಗುರಿಗೆ ಬೀಜದಿಂದ ಹಳದಿ ತೆಗೆಯಬಲ್ಲ ಅಜ್ಜಿ ನಿಮ್ಮ ನೆರೆಯಲ್ಲಿದ್ದರೆ, ಮಕ್ಕಳನ್ನು ಒಮ್ಮೆ ಅವರ ಜಗಲಿಗೆ ಕರೆದೊಯ್ಯಿರಿ.