ಘನಾಕೃತಿ ಗುರುತಿಸುವುದು ಹೇಗೆ? ಗೋವಾದ ಚಿರೆಕಲ್ಲಿನಿಂದ ಉಪ್ಪಿನ ರಾಶಿಯವರೆಗೆ

ಉದ್ದ, ಅಗಲ, ಎತ್ತರ ಈ ಮೂರೂ ಇರುವ ಆಕೃತಿಯೇ ಘನಾಕೃತಿ. ಕಾಗದದ ಮೇಲಿನ ಚೌಕಕ್ಕೆ ಎತ್ತರವಿಲ್ಲ. ಕೈಯಲ್ಲಿ ಹಿಡಿಯುವ ಇಟ್ಟಿಗೆಗೆ ಇದೆ. ಗಡಿಭಾಗದ ಮಕ್ಕಳಿಗೆ ಇಲ್ಲೊಂದು ತೊಡಕು. ಕನ್ನಡ ಶಾಲೆಯಲ್ಲಿ 'ಆಯತಘನ' ಎಂದು ಕಲಿತದ್ದು ಮರಾಠಿ ಪುಸ್ತಕದಲ್ಲಿ 'ಇಷ್ಟಿಕಾಚಿತಿ' ಆಗುತ್ತದೆ, 'ಸಿಲಿಂಡರ್' ಹೋಗಿ 'ವೃತ್ತಚಿತಿ' ಬರುತ್ತದೆ. ಹೆಸರು ಬದಲಾದರೂ ಆಕಾರ ಬದಲಾಗುವುದಿಲ್ಲ. ಗುರುತಿಸುವ ಕ್ರಮ ಗೊತ್ತಿದ್ದರೆ ಯಾವ ಭಾಷೆಯ ಪುಸ್ತಕವಾದರೂ ಹೆದರಬೇಕಿಲ್ಲ. ಹಿರಿಯರಿಗೂ ಇದರ ಉಪಯೋಗವಿದೆ: ಮರಳು, ಜಲ್ಲಿ, ಭತ್ತದ ರಾಶಿ ಕೊಳ್ಳುವಾಗ ಆಕಾರ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ಮೊದಲ ಪ್ರಶ್ನೆ

ಯಾವುದೇ ವಸ್ತುವನ್ನು ನೋಡಿ ಮೊದಲು ಕೇಳಬೇಕಾದದ್ದು ಒಂದೇ: ಇದರ ಮೈ ಎಲ್ಲ ಕಡೆಯೂ ಸಪಾಟಾಗಿದೆಯೇ, ಎಲ್ಲಾದರೂ ಬಾಗಿದೆಯೇ? ಎಲ್ಲವೂ ಸಪಾಟಾದರೆ ಅದು ಬಹುಮುಖ ಘನ. ಬಾಗಿದ್ದರೆ ಸಿಲಿಂಡರ್, ಶಂಕು, ಗೋಳಗಳ ಗುಂಪಿಗೆ ಸೇರುತ್ತದೆ.

ಸಪಾಟು ಮುಖದವು

ಕೊಂಕಣಿಯಲ್ಲಿ 'ಚಿರೊ' ಎನ್ನುವ ಚಿರೆಕಲ್ಲು ಆಯತಘನಕ್ಕೆ ಉತ್ತಮ ಉದಾಹರಣೆ. ಹಳೆ ಗೋವಾದ ಬೊಂ ಜೀಸಸ್ ಬೆಸಿಲಿಕಾದ (1605) ಹೊರಗೋಡೆಗಳಲ್ಲಿ ಗಾರೆಯಿಲ್ಲದ ಈ ಕಲ್ಲು ಎದ್ದು ಕಾಣುತ್ತದೆ. ಒಂದು ಕಲ್ಲಿಗೆ 6 ಮುಖ, 12 ಅಂಚು, 8 ಮೂಲೆ. ಎಲ್ಲ ಅಂಚುಗಳೂ ಸಮನಾದರೆ ಅದೇ 'ಘನ'.

ಮೇಲೆ ಕೆಳಗೆ ಒಂದೇ ಆಕಾರವಿದ್ದು, ಪಕ್ಕಗಳು ನೇರವಾಗಿ ನಿಂತಿದ್ದರೆ ಅದು ಪಟ್ಟಕ. ಎರಡು ಇಳಿಜಾರಿನ ಹೆಂಚಿನ ಮಾಡು ಅಡ್ಡ ಮಲಗಿದ ತ್ರಿಕೋನ ಪಟ್ಟಕ: 5 ಮುಖ, 9 ಅಂಚು, 6 ಮೂಲೆ. ಪಕ್ಕಗಳೆಲ್ಲ ಮೇಲೆ ಒಂದೇ ತುದಿಗೆ ಸೇರಿದರೆ ಪಿರಮಿಡ್, ಮರಾಠಿಯಲ್ಲಿ 'ಸೂಚಿ'. ಚೌಕ ತಳದ ಪಿರಮಿಡ್ಡಿಗೆ 5 ಮುಖ, 8 ಅಂಚು, 5 ಮೂಲೆ.

ಎಣಿಕೆ ಸರಿಯಿದೆಯೇ ಎಂದು ನೋಡಲು 18ನೇ ಶತಮಾನದ ಸ್ವಿಸ್ ಗಣಿತಜ್ಞ ಆಯ್ಲರ್ ಕೊಟ್ಟ ಸೂತ್ರವಿದೆ. ಮುಖ ಮತ್ತು ಮೂಲೆಗಳನ್ನು ಕೂಡಿಸಿ ಅಂಚುಗಳನ್ನು ಕಳೆದರೆ 2 ಉಳಿಯಬೇಕು. ಚಿರೆಕಲ್ಲಿಗೆ 6+8-12=2. ಮಾಡಿಗೆ 5+6-9=2. ತೂತಿಲ್ಲದ ಸಾಮಾನ್ಯ ಬಹುಮುಖ ಘನಗಳಿಗೆಲ್ಲ ಇದು ಒಪ್ಪುತ್ತದೆ.

ಚೌಕದಿಂದ ವೃತ್ತಕ್ಕೆ

ಪಟ್ಟಕದ ಪಕ್ಕಗಳು ಹೆಚ್ಚಿದಂತೆ ಅದು ದುಂಡಗಾಗುತ್ತ ಹೋಗುತ್ತದೆ. ಇದನ್ನು ಶಿವಲಿಂಗದಲ್ಲಿ ನೋಡಬಹುದು. ಶಿಲ್ಪಶಾಸ್ತ್ರದ ಪ್ರಕಾರ ಕಡೆದ ಲಿಂಗದ ಕೆಳಭಾಗ ಚೌಕ, ಅದು ಬ್ರಹ್ಮಭಾಗ. ನಡುವೆ ಎಂಟು ಮೂಲೆ, ಅದು ವಿಷ್ಣುಭಾಗ. ಮೇಲೆ ದುಂಡಗೆ, ಅದು ರುದ್ರಭಾಗ. ಚೌಕ ಪಟ್ಟಕ, ಅಷ್ಟಕೋನ ಪಟ್ಟಕ, ಸಿಲಿಂಡರ್ ಮೂರೂ ಒಂದೇ ಕಲ್ಲಿನಲ್ಲಿ. ಪೀಠದ ಮೇಲೆ ನಮಗೆ ಕಾಣುವುದು ದುಂಡು ಭಾಗ ಮಾತ್ರ.

ಬಾಗಿದ ಮೈಯವು

ನೀರಿನ ಪೈಪು, ಎಣ್ಣೆ ಡ್ರಮ್ಮು ಸಿಲಿಂಡರ್. ಚೆಂಡು ಗೋಳ. ಹಳೆ ಗೋವಾದ ಸೇಂಟ್ ಕೆಜೆಟನ್ ಚರ್ಚಿನ ಗುಮ್ಮಟವನ್ನು ಅರ್ಧಗೋಳಕ್ಕೆ ಹೋಲಿಸಬಹುದು. ಕೆಳಗೆ ವೃತ್ತ, ಮೇಲೆ ಚೂಪು ತುದಿ ಇದ್ದರೆ ಶಂಕು; ಈ ಹೆಸರು ಕನ್ನಡ, ಮರಾಠಿ ಎರಡರಲ್ಲೂ ಒಂದೇ. ಗೋವಾದ ಮಿಠಾಗರಗಳಲ್ಲಿ, ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಗುಡ್ಡೆ ಹಾಕಿದ ಉಪ್ಪು ತಾನಾಗಿ ಈ ಆಕಾರಕ್ಕೆ ಬರುತ್ತದೆ.

ರಾಶಿಯ ಲೆಕ್ಕ

ಮೋಸ ಹೋಗುವುದು ಇಲ್ಲಿಯೇ. ಒಂದೇ ತಳ, ಒಂದೇ ಎತ್ತರದ ಸಿಲಿಂಡರಿನಲ್ಲಿ ಹಿಡಿಯುವುದರ ಮೂರನೇ ಒಂದು ಪಾಲು ಮಾತ್ರ ಶಂಕುವಿನಲ್ಲಿರುತ್ತದೆ. ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ (1150) ಧಾನ್ಯದ ರಾಶಿ ಅಳೆಯಲೆಂದೇ ಒಂದು ಪ್ರಕರಣವಿದೆ. ಸುತ್ತಳತೆಯನ್ನು 6ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಬೇಕು. ಒಂದು ಹಗ್ಗ, ಒಂದು ಕೋಲು ಇದ್ದರೆ ಸಾಕು.

ಮರಳಿನ ರಾಶಿಯ ಸುತ್ತಳತೆ 9 ಮೀಟರ್, ಎತ್ತರ 1 ಮೀಟರ್ ಎಂದುಕೊಳ್ಳಿ. 9ರಲ್ಲಿ ಆರನೇ ಒಂದು ಪಾಲು 1.5. ಒಂದೂವರೆ ಸಲ ಒಂದೂವರೆ 2.25 ಘನ ಮೀಟರ್. ಇಂದಿನ ಸೂತ್ರದಂತೆ ಸುಮಾರು 2.15, ಹಳೆಯ ಲೆಕ್ಕದಲ್ಲಿ ಪೈ ಬೆಲೆಯನ್ನು 3 ಎಂದು ಹಿಡಿದದ್ದರಿಂದ ಈ ಅಲ್ಪ ವ್ಯತ್ಯಾಸ. ಅದೇ ರಾಶಿಯನ್ನು ಡ್ರಮ್ಮಿನಂತೆ ಲೆಕ್ಕ ಹಿಡಿದರೆ ಸುಮಾರು 6.45 ಬರುತ್ತದೆ. ಇಲ್ಲದ ಎರಡು ಪಾಲು ಮರಳಿಗೂ ಹಣ ತೆತ್ತಂತೆ.

ರಾಶಿ ಗೋಡೆಗೆ ಒರಗಿದ್ದರೆ ಅದು ಅರ್ಧ ಶಂಕು. ಬಾಗಿದ ಬದಿಯ ಅಳತೆಯನ್ನು ಎರಡು ಪಟ್ಟು ಮಾಡಿ ಲೆಕ್ಕ ಹಾಕಿ, ಬಂದ ಉತ್ತರದಲ್ಲಿ ಅರ್ಧ ತೆಗೆದುಕೊಳ್ಳಬೇಕು.

ಮಕ್ಕಳಿಗೆ ಕಲಿಸುವಾಗಲೂ ಪುಸ್ತಕದ ಚಿತ್ರಕ್ಕಿಂತ ಅಂಗಳದ ಕಲ್ಲು, ಮನೆಯ ಮಾಡು, ಅಕ್ಕಿಯ ರಾಶಿ ತೋರಿಸುವುದು ಮೇಲು. ಮುಖ, ಅಂಚು, ಮೂಲೆಗಳನ್ನು ಕೈಯಿಂದ ಮುಟ್ಟಿ ಎಣಿಸಿದ ಮಗು ಯಾವ ಶಾಲೆಗೆ ಹೋದರೂ ಹೊಸ ಹೆಸರನ್ನು ಬೇಗ ಕಲಿಯುತ್ತದೆ.