ಬದಲಾದದ್ದು ನೀರೋ, ಪರೀಕ್ಷೆಯೋ?

ಠಾಣೆಯಲ್ಲೋ ಡೊಂಬಿವಲಿಯಲ್ಲೋ, ಕಡಲ ನೀರಿನ ಅಕ್ವೇರಿಯಂ ಇಟ್ಟುಕೊಂಡವರ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಕೆಲಸವಿದು. ಹತ್ತು ಮಿಲಿಲೀಟರ್ ನೀರನ್ನು ಗಾಜಿನ ಪುಟ್ಟ ಸೀಸೆಗೆ ತುಂಬಿ, ಪೊಟ್ಟಣದ ಬಿಳಿ ಪುಡಿ ಸುರಿದು, ಎರಡು ನಿಮಿಷ ಕುಲುಕಿ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಮೀಟರಿನೊಳಗೆ ಇಡುವುದು. ಮೂರು ನಿಮಿಷದ ಎಣಿಕೆ ಮುಗಿದ ಮೇಲೆ ಪರದೆಯ ಮೇಲೆ 0.04 ಎಂದು ಬರುತ್ತದೆ. ಅನುಮಾನ ಬಂದು ಅದೇ ತೊಟ್ಟಿಯ ನೀರನ್ನು ಮತ್ತೊಮ್ಮೆ ನೋಡಿದರೆ 0.09. ಮೂರನೆಯ ಸಲ 0.05. ತೊಟ್ಟಿಯ ನೀರಂತೂ ಕಾಲು ಗಂಟೆಯಲ್ಲಿ ಬದಲಾಗಿಲ್ಲ. ಹಾಗಾದರೆ ಯಾವ ಸಂಖ್ಯೆಯನ್ನು ನಂಬಿ ಮುಂದಿನ ವಾರದ ಔಷಧಿ ಹಾಕುವುದು?

ಈ ಪ್ರಶ್ನೆಗೆ ನೂರು ವರ್ಷ ವಯಸ್ಸಾಗಿದೆ. ಇಂಗ್ಲೆಂಡಿನ ದಕ್ಷಿಣ ದಡದ ಪ್ಲಿಮತ್‌ನಲ್ಲಿ ಇದೇ ಪ್ರಶ್ನೆ ಒಂದಿಡೀ ಕಡಲಿನ ಬಗ್ಗೆ ಎದ್ದಿತ್ತು. ಅದರ ಉತ್ತರವನ್ನು ಹುಡುಕಿದ ಕಥೆಯೇ ಹೆಚ್ಚುಕಡಿಮೆ ಫಾಸ್ಫೇಟ್ ಪರೀಕ್ಷೆಯ ಚರಿತ್ರೆ.

ಮೊದಲು ಹೆಸರಿನ ಮಾತು. ಫಾಸ್ಫರಸ್‌ಗೆ ಕನ್ನಡದ ಪಠ್ಯಪುಸ್ತಕಗಳು ಕೊಟ್ಟ ಹೆಸರು ರಂಜಕ. ಬಣ್ಣ ಏರಿಸುವಂಥದು ಎಂಬುದು ಅದರ ಮೂಲಾರ್ಥ. ಮರಾಠಿಯ ರೈತರು ಗೊಬ್ಬರದ ಚೀಲದ ಮೇಲೆ ಓದುವುದು ಸ್ಫುರದ, ಹೊಳೆಯುವಂಥದು. ಬೆಳಕು ತರುವುದು ಎಂಬ ಗ್ರೀಕ್ ಅರ್ಥಕ್ಕೆ ಮರಾಠಿಯದೇ ಹತ್ತಿರ. ಆದರೆ ನೀರಿನ ಪರೀಕ್ಷೆಯ ಮಟ್ಟಿಗೆ ಕನ್ನಡದ ಹೆಸರು ಆಕಸ್ಮಿಕವಾಗಿ ಸರಿಯಾಗಿ ಕೂತಿದೆ. ನೀರಿನಲ್ಲಿ ಕರಗಿದ ಫಾಸ್ಫೇಟಿಗೆ ಬಣ್ಣವೇ ಇಲ್ಲ, ವಾಸನೆಯೂ ಇಲ್ಲ. ಅದನ್ನು ಕಾಣಬೇಕಾದರೆ ಇನ್ನೊಂದಕ್ಕೆ ಬಣ್ಣ ಬರುವಂತೆ ಮಾಡಬೇಕು. ಆ ಇನ್ನೊಂದು ಮಾಲಿಬ್ಡಿನಮ್.

ಆಮ್ಲ ಬೆರೆಸಿದ ಮಾಲಿಬ್ಡೇಟ್ ದ್ರಾವಣಕ್ಕೆ ಫಾಸ್ಫೇಟ್ ಸೇರಿದರೆ ಹಳದಿ ಸಂಯುಕ್ತವೊಂದು ಹುಟ್ಟುತ್ತದೆ. ಸ್ವೀಡನ್ನಿನ ಬರ್ಜೀಲಿಯಸ್ ಇದನ್ನು 1826ರಲ್ಲಿ ವರ್ಣಿಸಿದ್ದ. ಅದನ್ನು ಅಪಕರ್ಷಿಸಿದರೆ, ಅಂದರೆ ಎಲೆಕ್ಟ್ರಾನ್ ಕೊಟ್ಟರೆ, ಹಳದಿ ಹೋಗಿ ಗಾಢ ನೀಲಿ ಬರುತ್ತದೆ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಹೆಚ್ಚು. ಈ ನೀಲಿಯನ್ನು ಅಳತೆಗೆ ಬಳಸಬಹುದೆಂದು 1887ರಲ್ಲಿ ತೋರಿಸಿದ ಫ್ರೆಂಚ್ ಲೋಹತಜ್ಞ ಫ್ಲೋರಿಸ್ ಓಸ್ಮೋಂಡ್‌ಗೆ ಕಡಲಿನ ಗೊಡವೆಯೇ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಉಕ್ಕಿನೊಳಗಿನ ರಂಜಕ. ಒಂದು ರಂಜಕ ಪರಮಾಣುವಿನ ಸುತ್ತ ಹನ್ನೆರಡು ಮಾಲಿಬ್ಡಿನಮ್ ಪರಮಾಣುಗಳನ್ನು ಜೋಡಿಸಿಟ್ಟ ಈ ಬಗೆಯ ಪಂಜರದ ರಚನೆ ಗೊತ್ತಾದದ್ದು 1933ರಲ್ಲಿ, ಕೆಗ್ಗಿನ್ ಎಂಬಾತ ಎಕ್ಸ್‌ರೇ ಬಳಸಿ ಕಂಡುಕೊಂಡಾಗ. ಅಷ್ಟು ಹೊತ್ತಿಗೆ ಜನ ಬಣ್ಣ ನೋಡಿ ಲೆಕ್ಕ ಬರೆಯಲು ತೊಡಗಿ ಅರ್ಧ ಶತಮಾನವೇ ಕಳೆದಿತ್ತು.

ಕಡಲ ನೀರಿಗೆ ಈ ವಿದ್ಯೆ ಬಂದದ್ದು ಪ್ಲಿಮತ್‌ನ ಸಾಗರ ಪ್ರಯೋಗಾಲಯದ ಮೂಲಕ. ಮೊದಲನೆಯ ಮಹಾಯುದ್ಧದ ನಡುವೆ ಡೊನಾಲ್ಡ್ ಮ್ಯಾಥ್ಯೂಸ್ ಅಲ್ಲಿ ಫಾಸ್ಫೇಟ್ ಅಳೆದಿದ್ದ. ಅವನ ವಿಧಾನದಲ್ಲಿ ಸ್ಟ್ರಿಕ್ನಿನ್ ಎಂಬ ವಿಷವೂ ಬೇಕಿತ್ತು. 1920ರಲ್ಲಿ ಬೋರ್ಡೊದ ದೆನಿಜೆಸ್ ನೀಲಿ ಬಣ್ಣದ ವಿಧಾನವನ್ನು ಸುಲಭ ಮಾಡಿದ, 1923ರಲ್ಲಿ ಆಟ್ಕಿನ್ಸ್ ಅದನ್ನು ಇಂಗ್ಲಿಷ್ ಕಾಲುವೆಯ ನೀರಿಗೆ ಹಚ್ಚಿದ. ಗಾಜಿನ ಕೊಳವೆಗಳಲ್ಲಿ ಒಂದು ಕಡೆ ಕಡಲ ನೀರು, ಇನ್ನೊಂದು ಕಡೆ ಫಾಸ್ಫೇಟ್ ಎಷ್ಟಿದೆ ಎಂದು ಗೊತ್ತಿರುವ ದ್ರಾವಣ. ಎರಡರ ನೀಲಿಯನ್ನು ಕಣ್ಣಿನಿಂದಲೇ ಹೋಲಿಸುವುದು. ಚಳಿಗಾಲದಲ್ಲಿ ಏರಿ ನಿಂತ ಫಾಸ್ಫೇಟ್ ವಸಂತದಲ್ಲಿ ಸೂಕ್ಷ್ಮ ಪಾಚಿ ಹಬ್ಬುತ್ತಿದ್ದಂತೆ ಕರಗಿ ಹೋಗುವುದನ್ನು ಆಟ್ಕಿನ್ಸ್ ಹೀಗೆ ಕಂಡ. ಕಡಲಿನ ಫಸಲಿಗೂ ಗೊಬ್ಬರದ ಲೆಕ್ಕವಿದೆ ಎಂದು ತೋರಿಸಿದ ಕೆಲಸ ಅದು.

ಮುಂದಿನ ವರ್ಷಗಳಲ್ಲಿ ಪ್ಲಿಮತ್‌ನವರು ಪ್ರತಿ ಚಳಿಗಾಲವೂ ಅಳೆಯುತ್ತಾ ಹೋದರು. 1930ರ ಹೊತ್ತಿಗೆ ಸಂಖ್ಯೆ ಇಳಿಯಿತು. ಅದೇ ಕಾಲಕ್ಕೆ ಅಲ್ಲಿನ ಹೆರಿಂಗ್ ಮೀನುಗಾರಿಕೆಯೂ ನೆಲಕಚ್ಚಿತು. ರಂಜಕ ಕಡಿಮೆಯಾಯಿತು, ಅದಕ್ಕೇ ಮೀನು ಹೋಯಿತು ಎಂಬ ವಿವರಣೆ ಪುಸ್ತಕಗಳಿಗೆ ಸೇರಿತು. ಆದರೆ ಉಪ್ಪು ಈ ನೀಲಿಯನ್ನು ಮಂಕು ಮಾಡುತ್ತದೆ. ಸಿಹಿನೀರಿನಲ್ಲಿ ಮಾಡಿದ ಮಾದರಿಯೊಂದಿಗೆ ಕಡಲ ನೀರನ್ನು ಹೋಲಿಸಿದರೆ ಕಡಲಿನ ಫಾಸ್ಫೇಟ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. 1938ರಲ್ಲಿ ಅದೇ ಪ್ರಯೋಗಾಲಯದ ಕೂಪರ್ ಈ ದೋಷವನ್ನು ಅಳೆದು, ಹಳೆಯ ಅಂಕಿಗಳನ್ನು 1.35ರಿಂದ ಗುಣಿಸಬೇಕೆಂದ. ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ತಿದ್ದುಪಡಿ! 1948ರಲ್ಲಿ ಹಾರ್ವೆ ವಿಧಾನವನ್ನು ಮತ್ತೆ ತಿದ್ದಿದ. ಕೊನೆಗೆ 1997ರಲ್ಲಿ ಪ್ಲಿಮತ್‌ನದೇ ಒಂದು ಪ್ರಬಂಧ ಆ ಪ್ರಸಿದ್ಧ ಇಳಿಕೆ ನಂಬುವಷ್ಟು ಗಟ್ಟಿಯಾದದ್ದೇ ಎಂದು ಕೇಳಿತು. ಬದಲಾದದ್ದು ಕಡಲೋ, ಕಡಲನ್ನು ನೋಡುವ ರೀತಿಯೋ?

ಇದೇ ನೀಲಿಯನ್ನು ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಪಳಗಿಸಿದವರಲ್ಲಿ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆಯ ಜೊತೆ 1925ರಲ್ಲಿ ಅವರು ಪ್ರಕಟಿಸಿದ ವಿಧಾನ ರಕ್ತ ಮತ್ತು ಮೂತ್ರದ ರಂಜಕವನ್ನು ಅಳೆಯಲಿಕ್ಕಾಗಿ ಮಾಡಿದ್ದು. ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ‘ಫಿಸ್ಕೆ–ಸುಬ್ಬರಾವ್’ ಎಂಬ ಜೋಡಿಹೆಸರು ದಶಕಗಳ ಕಾಲ ನಿತ್ಯದ ಮಾತಾಗಿತ್ತು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಹೆಸರು ಅಷ್ಟಾಗಿ ಸಿಗುವುದಿಲ್ಲ ಎಂಬುದು ಬೇರೆಯೇ ಬೇಸರ.

ಇವತ್ತಿನ ಅಕ್ವೇರಿಯಂ ಪೊಟ್ಟಣದ ನೇರ ಪೂರ್ವಜ ಸಿಗುವುದು ಲಿವರ್‌ಪೂಲ್‌ನಲ್ಲಿ. ಅಲ್ಲಿನ ಮರ್ಫಿ ಮತ್ತು ರೈಲಿ 1958ರಲ್ಲಿ ಅಪಕರ್ಷಣೆಗೆ ಆಸ್ಕಾರ್ಬಿಕ್ ಆಮ್ಲವನ್ನು, ಅಂದರೆ ವಿಟಮಿನ್ ಸಿಯನ್ನು, ಬಳಸಿದರು. ಬಣ್ಣ ಸ್ಥಿರವಾಗಿ ನಿಂತಿತು, ಉಪ್ಪಿನ ಕಾಟವೂ ತಗ್ಗಿತು. ಆದರೆ ನೀಲಿ ಪೂರ್ತಿ ಏರಲು ಒಂದು ದಿನ ಕಾಯಬೇಕಿತ್ತು. 1962ರಲ್ಲಿ ಅದೇ ಇಬ್ಬರು ಚಿಟಿಕೆಯಷ್ಟು ಆಂಟಿಮನಿ ಲವಣ ಸೇರಿಸಿದರು. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಕಾಲಾ ಅಜಾರ್ ರೋಗಿಗಳಿಗೆ ಚುಚ್ಚುತ್ತಿದ್ದ ಟಾರ್ಟಾರ್ ಎಮೆಟಿಕ್ ಎಂಬುದು ಇದೇ. ಒಂದು ದಿನದ ಕಾಯುವಿಕೆ ಹತ್ತು ನಿಮಿಷಕ್ಕೆ ಇಳಿಯಿತು. ಆರೇ ಪುಟದ ಆ ಪ್ರಬಂಧ ಇವತ್ತಿಗೂ ಜಗತ್ತಿನ ನೀರಿನ ಪ್ರಯೋಗಾಲಯಗಳ ಆಧಾರ.

ಆದರೂ ಈ ನೀಲಿ ಏನನ್ನು ಎಣಿಸುತ್ತದೆ? ಕಟ್ಟುನಿಟ್ಟಾಗಿ ಹೇಳಿದರೆ ಫಾಸ್ಫೇಟನ್ನಲ್ಲ. ಮಾಲಿಬ್ಡೇಟಿನೊಡನೆ ಆ ಹೊತ್ತಿಗೆ ಪ್ರತಿಕ್ರಿಯಿಸಿದ್ದನ್ನು. ಆರ್ಸನೇಟ್ ಕೂಡ ಇದೇ ನೀಲಿ ಕೊಡುತ್ತದೆ. ಆಮ್ಲ ಕಡಿಮೆಯಾದರೆ ಸಿಲಿಕೇಟೂ ಸಾಲಿಗೆ ಬಂದು ನಿಲ್ಲುತ್ತದೆ. ಜೈವಿಕ ವಸ್ತುವಿಗೆ ಅಂಟಿಕೊಂಡ ಒಂದಿಷ್ಟು ರಂಜಕ ಪರೀಕ್ಷೆಯ ಆಮ್ಲದಲ್ಲೇ ಬಿಡಿಸಿಕೊಂಡು ಲೆಕ್ಕಕ್ಕೆ ಸೇರುತ್ತದೆ, ಉಳಿದದ್ದು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಕೆನಡಾದ ಸ್ಟ್ರಿಕ್‌ಲ್ಯಾಂಡ್ ಮತ್ತು ಪಾರ್ಸನ್ಸ್ ತಮ್ಮ 1968ರ ಕೈಪಿಡಿಯಲ್ಲಿ ‘ಪ್ರತಿಕ್ರಿಯಿಸುವ ರಂಜಕ’ ಎಂಬರ್ಥದ ಹೆಸರನ್ನು ಬಳಸಿದರು. ಅಂಗಡಿಯ ಡಬ್ಬಿಯ ಮೇಲೆ ಅಚ್ಚಾದ ಪದಕ್ಕಿಂತ ಇದು ಪ್ರಾಮಾಣಿಕ.

ಈಗ ಮುಂಬಯಿಯ ಕಡೆಗೆ. ಠಾಣೆಗೂ ನವಿ ಮುಂಬಯಿಗೂ ನಡುವೆ, ಊರವರು ಖಾಡಿ ಎನ್ನುವ ಉಪ್ಪುನೀರಿನ ತೋಳು ಚಾಚಿಕೊಂಡಿದೆ. ಮೇಲೆ ಕಲ್ಯಾಣ್, ಡೊಂಬಿವಲಿಗಳನ್ನು ತಾಗಿ ಉಲ್ಹಾಸ್ ನದಿ ಹರಿಯುತ್ತದೆ. ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳು, ಠಾಣೆ–ಬೇಲಾಪುರ ರಸ್ತೆಯ ಕೈಗಾರಿಕಾ ಪಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ಲಕ್ಷಾಂತರ ಮನೆಗಳ ಕೊಳಚೆ ಮತ್ತು ಸೋಪಿನ ನೀರು, ಎಲ್ಲವೂ ಇಲ್ಲಿನ ನೀರಿಗೇ. 1966ರಲ್ಲಿ ಆರಂಭವಾದ, ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮುಂಬಯಿ ಘಟಕದವರು, ಠಾಣೆಯ ಬಾಂದೋಡ್ಕರ್ ಕಾಲೇಜಿನ ಪ್ರಾಣಿಶಾಸ್ತ್ರದವರು ವರ್ಷಗಟ್ಟಲೆ ಈ ಖಾಡಿಯ ನೀರನ್ನು ತಂದು ಪರೀಕ್ಷಿಸಿದ್ದಾರೆ. ಸಮುದ್ರದ ಬಾಯಿಗಿಂತ ಒಳತುದಿಯಲ್ಲಿ ಫಾಸ್ಫೇಟ್ ಹೆಚ್ಚು ಎಂಬುದು ಆ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಹಾಗೆ ಕೊಬ್ಬಿದ ಪಾಚಿಯೇ ರಾಜಹಂಸಗಳ ದೊಡ್ಡ ಹಿಂಡುಗಳನ್ನು ಇಲ್ಲಿಗೆ ಸೆಳೆಯಿತು ಎನ್ನುವ ಪಕ್ಷಿತಜ್ಞರಿದ್ದಾರೆ. 2015ರಲ್ಲಿ ಖಾಡಿ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು.

ದಡದ ಈಚೆ, ಫ್ಲಾಟಿನ ಗಾಜಿನ ತೊಟ್ಟಿಯಲ್ಲಿ ಅದೇ ಪಾಚಿ ಶತ್ರು. ಹವಳ ದಿಬ್ಬದ ಸುತ್ತಲಿನ ನೀರಿನಲ್ಲಿ ಫಾಸ್ಫೇಟ್ ಸಾಮಾನ್ಯವಾಗಿ ಲೀಟರಿಗೆ 0.02 ಮಿಲಿಗ್ರಾಂ ಆಸುಪಾಸು, ಹಲವೆಡೆ ಅದಕ್ಕೂ ಕಡಿಮೆ. ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಒನ್ ಟ್ರೀ ದ್ವೀಪದ ಪ್ರಯೋಗವಿದೆ: ಸಾರಜನಕ, ರಂಜಕ ಎರಡನ್ನೂ ಸುರಿದಾಗ ಹವಳ ದಿಬ್ಬ ಸುಣ್ಣ ಕಟ್ಟುವ ವೇಗ ಅರ್ಧಕ್ಕೂ ಕೆಳಗಿಳಿಯಿತೆಂದು ಕಿನ್ಸಿ ಮತ್ತು ಡೇವಿಸ್ 1979ರಲ್ಲಿ ಬರೆದರು. ಹಾಗೆಂದು ಸೊನ್ನೆಯೂ ಕ್ಷೇಮವಲ್ಲ. ನೈಟ್ರೇಟ್ ಇದ್ದು ಫಾಸ್ಫೇಟ್ ಬರಿದಾದರೆ ಹವಳ ಬೇಗ ಬಿಳಿಚಿಕೊಳ್ಳುತ್ತದೆ ಎಂದು ಸೌತಾಂಪ್ಟನ್‌ನ ಸಂಶೋಧಕರು 2013ರಲ್ಲಿ ತೋರಿಸಿದರು. 0.09 ಎಂಬ ಸುಳ್ಳು ಸಂಖ್ಯೆಗೆ ಬೆದರಿ ಫಾಸ್ಫೇಟ್ ಹೀರುವ ಕಬ್ಬಿಣದ ಪುಡಿಯನ್ನು ಧಾರಾಳವಾಗಿ ಹಾಕಿದವರು ತೊಟ್ಟಿಯನ್ನು ಹಸಿವಿಗೆ ದೂಡಿರುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಗೆರೆಯೂ ಉಂಟು. 2001ರಿಂದ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿ, ಹುಲಿಯ ಸಾಲಿನಲ್ಲೇ, ಇವೆ. ಮುರುಡೇಶ್ವರದ ಆಚೆಯ ನೇತ್ರಾಣಿಯಿಂದ ಒಂದು ತುಂಡು ಮುರಿದು ತರುವುದೂ ಅಪರಾಧ.

ಸಂಖ್ಯೆ ಓಡಾಡುವುದೇಕೆ ಎಂಬುದಕ್ಕೆ ಮೀಟರಿನ ಕೈಪಿಡಿಯೇ ಅರ್ಧ ಉತ್ತರ ಕೊಡುತ್ತದೆ. ಹ್ಯಾನಾ ಕಂಪನಿಯ ಸಾಮಾನ್ಯ ಫಾಸ್ಫೇಟ್ ಮೀಟರಿನ ನಿಖರತೆ ±0.04 ಪಿಪಿಎಂ, ಹೆಚ್ಚು ಸೂಕ್ಷ್ಮವಾದದ್ದರದು ±0.02, ಅದರ ಮೇಲೆ ಓದಿದ ಸಂಖ್ಯೆಯ ಶೇಕಡಾ 4–5. ಅಂದಮೇಲೆ 0.04 ಮತ್ತು 0.05 ಎರಡಲ್ಲ, ಒಂದೇ ಉತ್ತರ. ಉಳಿದರ್ಧ ಕೈಯದು. ಕರಗದ ಪುಡಿ, ಗಾಜಿನ ಒಳಗೋಡೆಗೆ ಅಂಟಿದ ಗುಳ್ಳೆ, ಹೊರಗೋಡೆಯ ಬೆರಳಚ್ಚು, ಎಲ್ಲವೂ ಬೆಳಕನ್ನು ತಡೆಯುತ್ತವೆ, ಮೀಟರು ಅದನ್ನು ನೀಲಿ ಎಂದೇ ತಿಳಿಯುತ್ತದೆ. ಪುಡಿ ಹಾಕುವ ಮೊದಲು ಯಾವ ಸೀಸೆಯಿಂದ ಸೊನ್ನೆ ಮಾಡಿದ್ದೋ ಅದೇ ಸೀಸೆಯನ್ನು, ಅದೇ ಮುಖ ಮಾಡಿ ಇಡಬೇಕು. ಸಮಯವೂ ಪ್ರತಿಸಲ ಒಂದೇ ಇರಬೇಕು, ನೀಲಿ ಏರುತ್ತಲೇ ಇರುತ್ತದೆ. ಸೀಸೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದಂತೂ ದೊಡ್ಡ ತಪ್ಪು, ಕೆಲವು ಮಾರ್ಜಕಗಳಲ್ಲಿ ಫಾಸ್ಫೇಟೇ ಇರುತ್ತದೆ. ಪ್ರಯೋಗಾಲಯದವರು ದುರ್ಬಲ ಆಮ್ಲದಲ್ಲಿ ತೊಳೆದು, ಆ ಗಾಜನ್ನು ಬೇರೆ ಯಾವುದಕ್ಕೂ ಮುಟ್ಟಿಸದೆ ಎತ್ತಿಡುತ್ತಾರೆ.

ಇನ್ನೊಂದು ಗೊಂದಲ ಶುದ್ಧ ಭಾಷೆಯದು. ಒಂದು ಮೀಟರು ಫಾಸ್ಫೇಟ್ ಎಂದು ಹೇಳುತ್ತದೆ, ಇನ್ನೊಂದು ಬರೀ ರಂಜಕ ಎಂದು, ಅದೂ ಪಿಪಿಬಿಯಲ್ಲಿ. ರಂಜಕದ ಸಂಖ್ಯೆಯನ್ನು 3.066ರಿಂದ ಗುಣಿಸಿದರೆ ಫಾಸ್ಫೇಟ್. 20 ಪಿಪಿಬಿ ರಂಜಕವೆಂದರೆ 0.061 ಪಿಪಿಎಂ ಫಾಸ್ಫೇಟ್. ಕಲ್ಯಾಣದ ಗೆಳೆಯನದು 20, ವಾಶಿಯ ಗೆಳೆಯನದು 0.06 ಎಂದು ಫೋನಿನಲ್ಲಿ ಜಗಳವಾಡಿದರೆ ಇಬ್ಬರ ನೀರೂ ಒಂದೇ.

ಮೀಟರನ್ನು ಪರೀಕ್ಷಿಸಲು ಆಟ್ಕಿನ್ಸ್ ಮಾಡಿದ್ದನ್ನೇ ಮಾಡಬೇಕು: ಉತ್ತರ ಗೊತ್ತಿರುವ ನೀರನ್ನು ಪಕ್ಕದಲ್ಲಿಡುವುದು. ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 143.3 ಮಿಲಿಗ್ರಾಂ ತೂಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ ಅದು 100 ಪಿಪಿಎಂ ಫಾಸ್ಫೇಟ್. ಅದರ ಒಂದು ಮಿಲಿಲೀಟರನ್ನು ಮತ್ತೆ ಒಂದು ಲೀಟರಿಗೆ ಏರಿಸಿದರೆ 0.1. ಎರಡನೆಯ ಸಲ, ಕೂಪರ್ ಕಲಿಸಿದಂತೆ, ತೊಟ್ಟಿಗೆ ಹಾಕುವ ಉಪ್ಪನ್ನೇ ಬೆರೆಸಿದ ನೀರನ್ನು ಬಳಸಬೇಕು. ಆ ಉಪ್ಪುನೀರನ್ನು ಬರಿದಾಗಿಯೂ ಒಮ್ಮೆ ಓದಿ ಕಳೆಯಬೇಕು, ಉಪ್ಪಿನಲ್ಲೇ ಒಂದಿಷ್ಟು ಫಾಸ್ಫೇಟ್ ಇರಬಹುದು. ಇದೇ ರಾಸಾಯನಿಕ ನಾಸಿಕದ ದ್ರಾಕ್ಷಿ ಬೆಳೆಗಾರರಿಗೂ ವಿಜಯಪುರದವರಿಗೂ 0:52:34 ಎಂಬ ಹೆಸರಿನ ಗೊಬ್ಬರವಾಗಿ ಪರಿಚಿತ. ಗೊಬ್ಬರದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಈ ಕೆಲಸಕ್ಕೆ ಪ್ರಯೋಗಾಲಯ ದರ್ಜೆಯ ಡಬ್ಬಿಯೇ ಬೇಕು. ತಿಂಗಳಿಗೊಮ್ಮೆ ಈ 0.1ರ ಸೀಸೆಯನ್ನು ಮೂರು ಸಲ ಓದಿ, ಬಂದ ಮೂರೂ ಸಂಖ್ಯೆಗಳನ್ನು ತಾರೀಖಿನ ಜೊತೆ ತೊಟ್ಟಿಯ ವಹಿಯಲ್ಲೇ ಬರೆದಿಟ್ಟರೆ, ಮುಂದಿನ ಭಾನುವಾರದ 0.09ರ ಪಕ್ಕದಲ್ಲಿ ಇಟ್ಟು ನೋಡಲು ಏನಾದರೂ ಇರುತ್ತದೆ.